ಊತ ಇಳಿಸುವ ಎಲೆ

ಕತ್ತರಿಯನ್ನು ಅವಳು ಎಲ್ಲಿಟ್ಟಿದ್ದಳೋ, ಸಿಗಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಬೀಗದಣ್ಣ ತನ್ನ ಬೀಗ ರಿಪೇರಿಯ ಚೀಲದಿಂದ ತಂತಿ ಕತ್ತರಿಸುವ ಇಕ್ಕಳ ತೆಗೆದುಕೊಂಡು, ಹಿತ್ತಲ ಮೆಟ್ಟಿಲ ಮೇಲೆ ಕೂತು, ಹೆಂಡತಿಯ ಗಿಡವನ್ನು ಒಂದೊಂದೇ ಕೊಂಬೆಯಾಗಿ ಕತ್ತರಿಸತೊಡಗಿದ. ಹಳೆಯ ಗಿಡ, ಬುಡದ ಕಡೆ ಕಟ್ಟಿಗೆಯಂತೆ ಬಲಿತಿತ್ತು. ಇಕ್ಕಳದ ಹಿಡಿಯನ್ನು ಎರಡೂ ಕೈಯಲ್ಲಿ ಹಿಂಡಿದರೆ ಕೊಂಬೆ ಮೊದಲು ನಜ್ಜುಗುಜ್ಜಾಗಿ, ಆಮೇಲೆ ತುಂಡಾಗುತ್ತಿತ್ತು. ಪ್ರತಿ ಸಲವೂ ಒಂದು ಕಹಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಇಷ್ಟು ವರ್ಷ ಅದೇ ಮೆಟ್ಟಿಲ ಮೇಲೆ ಕೂತು ಪೇಪರ್ ಓದಿದ್ದರೂ ಆ ಗಿಡಕ್ಕೆ ಇಂಥದೊಂದು ವಾಸನೆಯಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅದರ ಒಂದೆಲೆ ಕೀಳಲೂ ಅವಳು ಬಿಟ್ಟವಳಲ್ಲ.

ಹೆಂಡತಿ ನಿನ್ನೆ ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಹೃದಯ ಸೋಲುತ್ತಾ ಸೋಲುತ್ತಾ ಬಂದು ಕೊನೆಗೆ ನಿಂತೇಹೋಗಿತ್ತು. ಬೆಳಿಗ್ಗೆ ಮೇಲಿನ ಮನೆಯಾಕೆ ಬಂದು, "ಅಣ್ಣಾ, ಅವರಿಗೆ ತುಂಬಾ ಇಷ್ಟ ಆದದ್ದು ಏನಾದ್ರೂ ಇದ್ರೆ ಜೊತೆಗಿಟ್ಟು ಕಳಿಸಿ. ನಿಮಗೂ ಒಂದು ಸಮಾಧಾನ," ಎಂದು ಹೇಳಿಹೋಗಿದ್ದಳು. ಇವನಿಗೆ ಯೋಚನೆ ಹತ್ತಿತು. ಒಡವೆಯೆಂದರೆ ಅವಳು ಮಾರು ದೂರ. ಊಟವನ್ನು ಮಾತ್ರೆ ನುಂಗಿದ ಹಾಗೆ ನುಂಗಿ ಏಳುತ್ತಿದ್ದಳು. ಕನ್ನಡಕ ಇಡೋಣವೆಂದರೆ ಅದನ್ನು ಆಸ್ಪತ್ರೆಯವರು ಆಗಲೇ ಮುಖಕ್ಕೆ ಹಾಕಿಯಾಗಿತ್ತು; ಅದಿಲ್ಲದಿದ್ದರೆ ಒಡಹುಟ್ಟಿದ ಅಣ್ಣನೂ ಅವಳ ಗುರುತು ಹಿಡಿಯುತ್ತಿದ್ದನೋ ಇಲ್ಲವೋ. ಯೋಚಿಸುತ್ತಲೇ ಹಿತ್ತಲ ಬಾಗಿಲು ತೆಗೆದರೆ ಎದುರಿಗೇ ಗಿಡ. ಸರಿ, ಇದೇ. ಕೊಡುವುದಾದರೆ ಪೂರ್ತಿ ಕೊಡಬೇಕು, ಅರ್ಧಂಬರ್ಧ ಯಾಕೆ ಎಂದುಕೊಂಡು ಅವನು ಒಂದು ಚಿಗುರನ್ನೂ ಬಿಡಲಿಲ್ಲ.

ಅವನಿಗೆ ಅಳು ಬರುತ್ತದೆಂದು ಮನೆಯಲ್ಲಿದ್ದವರೆಲ್ಲ ಕಾಯುತ್ತಿದ್ದರು. ಅವನೂ ಕಾಯುತ್ತಿದ್ದ. ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವನ ದವಡೆಯ ಹಾಗೆ ಮೈಯೆಲ್ಲ ದಪ್ಪಗಾಗಿ, ಬೇರೆ ಯಾರದೋ ಎನ್ನುವಂತಿತ್ತು.

"ಏನೋ ಅದು, ಸೊಪ್ಪು ಕುಯ್ಕೊಂಡು ಕೂತಿದೀಯ? ಜನ ಬರೋ ಹೊತ್ತು." ಅಕ್ಕ ಬಾಗಿಲಿಗೆ ಬಂದಿದ್ದಳು. ಅವನ ಸ್ವಂತ ಅಕ್ಕ. ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದು, ಚೀಲ ಕೆಳಗಿಡುವ ಮೊದಲೇ ಪೊರಕೆ ಹಿಡಿದವಳು. ದುಃಖವಾದರೆ ಅವಳಿಗೆ ಮನೆ ಗುಡಿಸಬೇಕು, ಸಂತೋಷವಾದರೂ ಗುಡಿಸಬೇಕು.

"ಅವಳಿಗೆ," ಎಂದ ಬೀಗದಣ್ಣ.

ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಪಾಪ. ಎಂಥ ಗಿಡದ ಹುಚ್ಚು ಅವಳಿಗೆ," ಎಂದು ಮೂಗೊರೆಸಿಕೊಂಡು, "ಸಾಕು ಏಳು. ಸ್ನಾನ ಮಾಡು. ಗಡ್ಡ ನೋಡು, ಕಳ್ಳನ ಹಾಗೆ," ಎಂದಳು.

ಅವನು ಕೊಂಬೆಗಳನ್ನೆಲ್ಲ ಅವಳ ಹಳೆಯ ಪ್ರಯೋಗಾಲಯದ ಬಿಳಿ ಕೋಟಿನಲ್ಲಿ ಸುತ್ತಿ ಎದ್ದ. ಹೊರಗೆ ತುಂತುರು ಹಿಡಿದಿತ್ತು. ಸ್ನಾನ ಮುಗಿಸಿ, ಹೊರಡುವ ಹೊತ್ತಿಗೆ ಮುಂಬಾಗಿಲ ಪಕ್ಕದಲ್ಲಿ ಒಂದು ತಗಡಿನ ಡಬ್ಬದ ತುಂಬ ಒದ್ದೆ ಕೊಡೆಗಳು ನಿಂತಿದ್ದವು. ಡಬ್ಬವನ್ನು ಎಲ್ಲೋ ನೋಡಿದ ಹಾಗಿತ್ತು. ಎಲ್ಲಿ ಎಂದು ಕೇಳಿಕೊಳ್ಳುವಷ್ಟು ತ್ರಾಣ ಅವನ ತಲೆಗೆ ಆಗ ಇರಲಿಲ್ಲ.

* * *

ಆ ಗಿಡ ಮನೆಗೆ ಬಂದದ್ದು ಒಂದು ಅವಮಾನದ ಹಿಂದೆಯೇ.

ಅವಳು ಔಷಧಿ ಗಿಡಗಳ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞೆಯಾಗಿದ್ದಳು. ಕಾಲು ಉಳುಕಿದರೆ ಮುದುಕಿಯರು ಈ ಗಿಡದ ಎಲೆ ಬಿಸಿ ಮಾಡಿ ಕಟ್ಟುತ್ತಿದ್ದರು. ಅದರಲ್ಲಿ ನಿಜಕ್ಕೂ ಏನಾದರೂ ಇದೆಯೋ, ಬರೀ ಶಾಖದ ಸುಖವೋ, ನೋಡಿ ಎಂದು ಅವಳಿಗೆ ಒಪ್ಪಿಸಿದ್ದರು. ಅವಳು ಪ್ರಯೋಗಾಲಯದ ತೋಟದ ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಸಾರ ಇಳಿಸಿ, ಅದರೊಳಗಿನ ಒಂದೊಂದು ಅಂಶವನ್ನೂ ಬೇರೆ ಮಾಡಿದಳು. ಮದ್ದು ಚುಚ್ಚಿ ಪಾದ ಊದಿಸಿದ ಇಲಿಗಳಿಗೆ ಸಾರ ಕುಡಿಸಿದಳು. ಗಂಟೆಗೊಮ್ಮೆ ಇಲಿಯ ಕಾಲನ್ನು ಗಾಜಿನ ಕೊಳವೆಯೊಳಗಿನ ದ್ರವದಲ್ಲಿ ಅದ್ದಿ, ದ್ರವ ಎಷ್ಟು ಮೇಲೇರಿತು ಎಂದು ನೋಡಿ ಊತ ಅಳೆದಳು. ಊತ ಇಳಿದಿತ್ತು. ಔಷಧಿ ಅಂಗಡಿಯ ಮಾತ್ರೆಗೆ ಇಳಿಯುವಷ್ಟೇ ಇಳಿದಿತ್ತು. ಆ ಸಂಜೆ ಅವಳು ಚಪ್ಪಲಿ ಬಿಡುವುದನ್ನೂ ಮರೆತು ಸೀದಾ ಅಡುಗೆಮನೆಗೆ ನುಗ್ಗಿ, "ರೀ, ಇಳೀತು ಕಣ್ರೀ!" ಎಂದಿದ್ದಳು. ಬೀಗದಣ್ಣ ಗಾಬರಿಯಾಗಿ ಒಲೆಯ ಮೇಲಿನ ಹಾಲು ನೋಡಿದ್ದ.

ವರದಿ ಅಚ್ಚಾಯಿತು. ಮರುವರ್ಷ ಬೇರೊಂದು ದೊಡ್ಡ ಪ್ರಯೋಗಾಲಯದವರು ಅದೇ ಗಿಡವನ್ನು ಬೇರೆ ಕಡೆಯಿಂದ ತರಿಸಿ, ಅದೇ ಪರೀಕ್ಷೆ ಮಾಡಿದರು. ಅವರ ಇಲಿಗಳ ಕಾಲು ಊದಿದ್ದು ಊದಿದ ಹಾಗೇ ಇತ್ತು. ಇನ್ನೊಬ್ಬರು ಮಾಡಿದರು; ಅಲ್ಲೂ ಅದೇ ಕತೆ. ಕೊನೆಗೆ ಸಭೆ ಸೇರಿತು. ಡೈರೆಕ್ಟರು ಕಾಗದಗಳನ್ನು ಪಕ್ಕಕ್ಕೆ ಸರಿಸಿ, "ನಮ್ಮ ಮೇಡಂ ಇಲಿಗಳಿಗೆ ಮೇಡಂ ಅಂದ್ರೆ ಬಹಳ ಪ್ರೀತಿ. ಅವರು ಬೇಜಾರು ಮಾಡ್ಕೋಬಾರದು ಅಂತ ತಾವೇ ಊತ ಇಳಿಸ್ಕೊಳ್ತವೆ," ಎಂದರು. ಸಭೆಗೆ ಸಭೆಯೇ ನಕ್ಕಿತು. ಸುಳ್ಳು ಎಂಬ ಮಾತನ್ನು ಯಾರೂ ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ಅವಳನ್ನು ನೀರಿನ ಪರೀಕ್ಷೆಗೆ ಹಾಕಿದರು. ನಿವೃತ್ತಿಯಾಗುವವರೆಗೂ ಅವಳು ಬಾಟಲಿಯಲ್ಲಿ ಬಂದ ನಲ್ಲಿ ನೀರು ಪರೀಕ್ಷಿಸುತ್ತ ಕೂತಳು. ಪ್ರಯೋಗಾಲಯದ ತೋಟ ಕಿತ್ತು ಕಾರು ನಿಲ್ಲಿಸುವ ಜಾಗ ಮಾಡಿದ ದಿನ, ಗುದ್ದಲಿಯವನನ್ನು ತಡೆದು ಒಂದು ಕಡ್ಡಿ ಮುರಿದು ತಂದು, ಹಿತ್ತಲಲ್ಲಿ ಹಳೆಯ ಎಣ್ಣೆ ಡಬ್ಬದಲ್ಲಿ ನೆಟ್ಟಳು.

"ಆ ಡೈರೆಕ್ಟರ್ ಮನೆ ಬೀಗ ಒಂದು ದಿನ ಕೆಟ್ಟು ನನ್ನ ಕೈಗೆ ಬರ್ಲಿ," ಎಂದಿದ್ದ ಬೀಗದಣ್ಣ. "ಒಳಗೆ ಕೂಡಿಹಾಕಿ ಬರ್ತೀನಿ."

"ಸುಮ್ನಿರಿ. ಪರೀಕ್ಷೆ ಅಂದ ಮೇಲೆ ಯಾರು ಮಾಡಿದ್ರೂ ಒಂದೇ ಉತ್ತರ ಬರ್ಬೇಕು. ಬರ್ಲಿಲ್ಲ. ಅವರೇನು ಮಾಡ್ತಾರೆ?"

"ಯಾಕೆ ಬರ್ಲಿಲ್ಲ?"

"ಅವರ ಗಿಡದಲ್ಲಿ ಆ ಅಂಶವೇ ಇಲ್ಲ ಅನ್ಸುತ್ತೆ. ಎಲೆ, ಹೂವು, ಎಲ್ಲಾ ಒಂದೇ ಥರ. ಒಳಗಡೆ ಬೇರೆ. ಎಲ್ಲೋ ಕೆಲವು ಗಿಡ ಮಾತ್ರ ಅದನ್ನ ಮಾಡ್ಕೊಳ್ತವೆ. ಬೀಜ ಹಾಕಿದ್ರೆ ಅದು ಬರುತ್ತೆ ಅನ್ನೋ ಹಾಗಿಲ್ಲ. ಕಡ್ಡಿ ನೆಟ್ರೆ ಮಾತ್ರ ಅದೇ ಗಿಡ ಬರುತ್ತೆ."

"ಇಷ್ಟೇನಾ? ಕೀ ಇದ್ದ ಹಾಗೆ. ಒಂದೇ ಕಂಪನಿದು, ಒಂದೇ ಉದ್ದ, ಒಂದೇ ಬಣ್ಣ. ಹಲ್ಲು ಬೇರೆ. ಒಂದು ಬೀಗ ತೆಗೆಯುತ್ತೆ, ಇನ್ನೊಂದು ತೆಗೆಯಲ್ಲ."

ಅವಳು ಅವನನ್ನೇ ನೋಡಿದಳು. "ಆ ಸಭೆಗೆ ನೀವೇ ಬಂದು ಇದನ್ನ ಹೇಳ್ಬೇಕಿತ್ತು."

"ಕರೆದಿದ್ರೆ ಬರ್ತಿದ್ದೆ, ಯಾರು ಕರೆದ್ರು?"

ಆ ವ್ಯತ್ಯಾಸ ತೋರಿಸಿಕೊಡಲು ದೊಡ್ಡ ಯಂತ್ರ ಬೇಕಿತ್ತು. ನೀರಿನ ವಿಭಾಗದವಳಿಗೆ ಅದನ್ನು ಮುಟ್ಟಲು ಯಾರು ಬಿಡುತ್ತಾರೆ? ಕೀ ಉಜ್ಜಿ ಉಜ್ಜಿ ಬೀಗದಣ್ಣನ ಹೆಬ್ಬೆರಳ ಗಂಟು ಊದಿಕೊಂಡಾಗಲೂ ಅವಳು ಗಿಡ ಮುಟ್ಟಗೊಡಲಿಲ್ಲ. "ಸಾಬೀತಾಗೋವರೆಗೂ ಅದು ಔಷಧಿ ಅಲ್ಲ, ಬರೀ ಸೊಪ್ಪು," ಎಂದು ಅಂಗಡಿಯಿಂದ ಮುಲಾಮು ತಂದು ಹಚ್ಚಿದಳು.

* * *

ಚಿತಾಗಾರದ ಹಾಲಿನಲ್ಲಿ ಕುರ್ಚಿಗಳು ಸಾಲಾಗಿದ್ದವು. ಎದುರಿಗೆ ಮೇಜಿನ ಮೇಲೆ ಮುಚ್ಚಳ ತೆಗೆದ ಪೆಟ್ಟಿಗೆ. ಬೀಗದಣ್ಣ ಕೊಂಬೆಗಳನ್ನು ಹೆಂಡತಿಯ ಎದೆಯ ಮೇಲೆ ಹರಡಿ, ಬುಡದ ತುದಿಗಳನ್ನು ಅವಳ ಬೆರಳುಗಳ ಕೆಳಗೆ ಸಿಕ್ಕಿಸಿದ್ದ. ಹಸಿರಿನ ನಡುವೆ ಅವಳ ಮುಖ ಕನ್ನಡಕದೊಡನೆ, ಏನೋ ಓದುತ್ತ ಕಣ್ಣು ಹತ್ತಿದವಳಂತೆ ಕಾಣುತ್ತಿತ್ತು.

"ಚೆನ್ನಾಗಿ ಮಾಡಿದೆ ನೋಡಪ್ಪಾ," ಎಂದು ಭಾವ ಅವನ ಭುಜ ತಟ್ಟಿದ. ಹೆಂಡತಿಯ ಅಣ್ಣ, ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಹೊರಡುವ ಹೊತ್ತು, ಯಾರು ಮೊದಲು ಮಾತಾಡಬೇಕು, ಟೀ ಯಾವಾಗ ಬರಬೇಕು, ಎಲ್ಲವನ್ನೂ ಬೆಳಗಿನಿಂದ ತಲೆಯ ಮೇಲೆ ಹೊತ್ತುಕೊಂಡು ಓಡಾಡುತ್ತಿದ್ದ. "ಹೂವಿಗಿಂತ ಇದೇ ಚೆಂದ. ಇವಳು ಏನು ಕೆಲಸ ಮಾಡ್ತಿದ್ಲು ಅಂತ ಯಾರಾದ್ರೂ ಕೇಳಿದ್ರೆ ನಾನು ನೀರಿಂದು ಅಂತ ಹೇಳ್ತಿದ್ದೆ. ಗಿಡದ್ದೂ ಇತ್ತಲ್ವಾ?"

"ಇತ್ತು ಭಾವ."

ಆಗ ಚಿಕ್ಕ ಮೇಡಂ ಬಂದಳು. ಅವಳಿಗೆ ಆ ಹೆಸರಿಟ್ಟದ್ದು ಪ್ರಯೋಗಾಲಯದವರು. ಹೆಂಡತಿಯ ಕೈಕೆಳಗೆ ಕೆಲಸ ಕಲಿತ ಹುಡುಗಿ. ಈಗ ತಲೆಯಲ್ಲಿ ಅಲ್ಲಲ್ಲಿ ನರೆ ಕಾಣಿಸಿ, ಬೇರೊಂದು ಪ್ರಯೋಗಾಲಯದಲ್ಲಿ ತಾನೇ ದೊಡ್ಡವಳಾಗಿದ್ದರೂ ಈ ಮನೆಗೆ ಚಿಕ್ಕ ಮೇಡಮ್ಮೇ. ತೋಯ್ದ ಕೂದಲು ಹಿಂದೆ ತಳ್ಳಿ ಪೆಟ್ಟಿಗೆಯ ಹತ್ತಿರ ನಿಂತಳು. ಬಾಯಿಗೆ ಕೈ ಹೋಯಿತು. ಆದರೆ ಅವಳು ನೋಡುತ್ತಿದ್ದುದು ಮುಖವನ್ನಲ್ಲ. ಬೀಗದಣ್ಣನಿಗೆ ಅದು ಹಿಡಿಸಲಿಲ್ಲ. ಇವಳು ಅವಳನ್ನು ನೋಡಲು ಬಂದಳೋ ಸೊಪ್ಪು ನೋಡಲು ಬಂದಳೋ?

"ಸರ್," ಎಂದಳು ಮೆಲ್ಲಗೆ. "ಇದು ಮನೆ ಗಿಡದ್ದಾ?"

"ಹೂಂ. ಎಲ್ಲಾ ಅವಳಿಗೇ. ಒಂದೆಲೆ ಉಳಿಸಿಲ್ಲ."

"ಒಂದೂ?"

"ಒಂದೂ."

ಅವಳ ಮುಖ ಬಿಳಿಚಿಕೊಂಡಿತು. "ಬುಡ ಇದೆಯಲ್ಲ ಸರ್? ಬುಡ ಇದ್ರೆ ಚಿಗುರುತ್ತೆ."

ಪಕ್ಕದಲ್ಲಿದ್ದ ಅಕ್ಕ ತಿರುಗಿದಳು. "ಯಾವ ಬುಡ? ಹಿತ್ತಲ ಡಬ್ಬದ್ದಾ? ಅದನ್ನ ಬೆಳಿಗ್ಗೇನೇ ಕಸದ ಗಾಡಿಗೆ ಸುರಿಸಿದೆನಲ್ಲ. ಮೋಟು ಕಡ್ಡಿ, ಒಂದಿಷ್ಟು ಮಣ್ಣು. ಬಂದವರ ಕೊಡೆ ನಿಲ್ಲಿಸೋಕೆ ಏನಾದ್ರೂ ಬೇಡ್ವಾ, ಮನೆ ತುಂಬಾ ನೀರು!" ಮಾತು ಮುಗಿಯುವ ಮೊದಲೇ ಚಿಕ್ಕ ಮೇಡಂ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕೆ? ಏನಾಯ್ತು?"

ಏನಾಯ್ತೆಂದು ಬೀಗದಣ್ಣನಿಗೂ ಗೊತ್ತಿರಲಿಲ್ಲ. ಚಿಕ್ಕ ಮೇಡಂ ಕೊನೆಯ ಸಾಲಿನ ಕುರ್ಚಿಯಲ್ಲಿ ಕುಸಿದಳು. ಅವನೂ ಹೋಗಿ ಪಕ್ಕದಲ್ಲಿ ಕೂತ.

"ನಮ್ಮಲ್ಲಿ ಕೊನೆಗೂ ಒಪ್ಪಿದ್ರು ಸರ್. ಹೊಸ ಯಂತ್ರ ಬಂದಿದೆ. ಈ ಗಿಡದ ಎಲೆ, ಬೇರೆ ಕಡೆಯ ಗಿಡಗಳ ಎಲೆ, ಪಕ್ಕಪಕ್ಕ ಇಟ್ಟು ನೋಡಿದ್ರೆ ಆ ಅಂಶ ಇದರಲ್ಲಿ ಮಾತ್ರ ಇದೆ ಅಂತ ಯಾರಿಗಾದ್ರೂ ಕಾಣುತ್ತೆ. ಆಮೇಲೆ ಇಲಿಗಳ ಪರೀಕ್ಷೆ, ಎರಡೂ ಎಲೆದು. ಮೇಡಂ ಹೇಳಿದ್ದು ಸರಿ ಅಂತ ಆಗ್ತಿತ್ತು. ಸೋಮವಾರ ಬಂದು ಕಡ್ಡಿ ತಗೊಂಡು ಹೋಗ್ತೀನಿ ಅಂದಿದ್ದೆ. ನೆಟ್ಟು, ಸಾಕಷ್ಟು ಎಲೆ ಬೆಳೆಸ್ಕೊಂಡು ಶುರು ಮಾಡೋಣ ಅಂತ."

"ಬೇರೆ ಕಡೆ ಎಲ್ಲೂ ಇಲ್ವಾ ಈ ಗಿಡ?"

"ನನಗೊಂದು ಕೊಟ್ಟಿದ್ರು. ಮನೆ ಬದಲಾಯಿಸೋ ಗಡಿಬಿಡೀಲಿ ಒಣಗಿಸಿ ಕೊಂದೆ." ಅವಳು ಕಣ್ಣೊರೆಸಿಕೊಂಡಳು. "ಬಿಡಿ ಸರ್. ಇಂಥ ಹೊತ್ತಲ್ಲಿ ನಾನು ಬಾಯಿ ತೆಗೀಬಾರದಿತ್ತು. ಏನೂ ಕೇಳ್ಲಿಲ್ಲ ಅಂದ್ಕೊಳಿ."

ಬೀಗದಣ್ಣ ದೂರದಿಂದ ಪೆಟ್ಟಿಗೆಯ ಅಂಚಿನ ಮೇಲೆ ಕಾಣುತ್ತಿದ್ದ ಎಲೆಗಳನ್ನು ನೋಡಿದ. ತುದಿಗಳು ಆಗಲೇ ಜೋಲುತ್ತಿದ್ದವು.

"ಅವು ಬರ್ತವಾ? ನೆಟ್ರೆ?"

"ಪೂರ್ತಿ ಬಾಡೋಕೆ ಮುಂಚೆ ನೀರಿಗೆ ಹಾಕಿದ್ರೆ ಒಂದೋ ಎರಡೋ ಬಂದ್ರೂ ಬರ್ಬಹುದು. ಬರದೇನೂ ಇರ್ಬಹುದು. ಆದ್ರೆ ಸರ್, ಅದು ಈಗ ಅವರದ್ದು."

ಅದೇ ಅವನಿಗೂ ಅನ್ನಿಸಿತು. ಅವಳಿಗೆ ಅಂತ ಕೊಟ್ಟಾಯಿತು. ಕೊಟ್ಟದ್ದನ್ನು ಸತ್ತವಳ ಕೈಯಿಂದ ಕಿತ್ತುಕೊಳ್ಳುವುದೇ? ಅವನು ಎದ್ದು ಹೋಗಿ ಮೊದಲಿನ ಸಾಲಿನಲ್ಲಿ ತನ್ನ ಜಾಗದಲ್ಲಿ ಕೂತ.

* * *

ಆಸ್ಪತ್ರೆಯಲ್ಲಿ ಅವಳ ಎರಡೂ ಕಾಲು ಕಂಬದ ಹಾಗೆ ಊದಿಕೊಂಡಿದ್ದವು. ದಿನಾ ಬೆಳಿಗ್ಗೆ ಹೆಬ್ಬೆರಳಿನಿಂದ ಕಣಕಾಲು ಒತ್ತಿ, ಬಿದ್ದ ಗುಳಿ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗೋಡೆಯ ಗಡಿಯಾರ ನೋಡುತ್ತಿದ್ದಳು. ಡಾಕ್ಟರು ಬಂದಾಗ ತಾನೇ ವರದಿ ಒಪ್ಪಿಸುತ್ತಿದ್ದಳು. ಡಾಕ್ಟರಿಗೆ ಕೇಳಲು ಏನೂ ಉಳಿಯುತ್ತಿರಲಿಲ್ಲ.

"ಒಂದೇ ಒಂದು ಎಲೆ ತಂದು ಕಟ್ಟಲೇನೇ?" ಎಂದು ಬೀಗದಣ್ಣ ಗೋಗರೆದಿದ್ದ. "ಊತ ಇಳಿಸೋದೇ ತಾನೇ ಅದರ ಕೆಲಸ?"

"ಇದು ಆ ಊತ ಅಲ್ಲ ರೀ. ಇದು ನೀರು. ಹೃದಯ ತಳ್ತಾ ಇಲ್ಲ, ಅದಕ್ಕೆ ನಿಂತಿದೆ."

"ಕಟ್ಟಿದ್ರೆ ನಷ್ಟ ಏನು?"

"ನಾಳೆ ಊತ ಇಳಿದ್ರೆ ಎಲೆಯಿಂದ ಇಳೀತು ಅಂತೀರಿ. ಇಳೀದಿದ್ರೆ ಎಲೆ ಕೆಲಸಕ್ಕೆ ಬಾರದ್ದು ಅಂತೀರಿ. ಎರಡೂ ತಪ್ಪು." ಅಷ್ಟು ಮಾತಿಗೇ ಅವಳಿಗೆ ಏದುಸಿರು ಹತ್ತಿತು. ಬೀಗದಣ್ಣ ದಿಂಬು ಸರಿಮಾಡಿ ಚಮಚದಲ್ಲಿ ನೀರು ಹಿಡಿದ. ಅವಳು ಒಂದು ಗುಟುಕು ಕುಡಿದು, "ಸೋಮವಾರ ಚಿಕ್ಕ ಮೇಡಂ ಬರ್ತಾಳೆ. ಒಪ್ಪಿದಾರಂತೆ," ಎಂದಳು. "ಅಲ್ಲೀವರೆಗೂ ಗಿಡಕ್ಕೆ ನೀರು ಹಾಕ್ತಿರಿ. ಒಣಗಿಸ್ಬೇಡಿ."

ಚಿಕ್ಕ ಮೇಡಂಗೆ ರಜೆ ಕೊಡಲು ಒಪ್ಪಿದ್ದಾರೆ, ನೋಡಲು ಬರುತ್ತಾಳೆ ಎಂದೇ ಅವನು ತಿಳಿದ. "ಬರ್ಲಿ ಬಿಡು, ನಿನಗೂ ಬೇಜಾರು ಕಳೆಯುತ್ತೆ," ಎಂದ. ಅವಳು ಅವನನ್ನು ನೋಡಿ ನಕ್ಕು ಕಣ್ಣು ಮುಚ್ಚಿದಳು. ವಿವರಿಸಿ ಹೇಳುವಷ್ಟು ಉಸಿರು ಅವಳಲ್ಲಿ ಇರಲಿಲ್ಲ. ಅವನು ಮಾತ್ರ ಹೇಳಿದಂತೆ ದಿನವೂ ಮನೆಗೆ ಹೋಗಿ ನೀರು ಹಾಕಿ ಬಂದ, ಅವಳು ತೀರಿಕೊಂಡ ದಿನವೂ ಹಾಕಿದ್ದ.

* * *

"ಎಲ್ಲರೂ ಕೂತ್ಕೊಳಿ. ಅವರ ಹಳೇ ಡೈರೆಕ್ಟರ್ ಸಾಹೇಬ್ರು ಬಂದಿದಾರೆ, ಎರಡು ಮಾತಾಡ್ತಾರೆ," ಎಂದು ಭಾವ ಸಾರಿದ.

ಕೋಲೂರಿಕೊಂಡು ಬಂದ ಮುದುಕರು ಪೆಟ್ಟಿಗೆಗೆ ಕೈಮುಗಿದರು. ಕೆಟ್ಟವರಲ್ಲ, ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅವಳ ಶಿಸ್ತನ್ನು ಹೊಗಳಿದರು, ಒಂದು ದಿನವೂ ತಡವಾಗಿ ಬಂದವಳಲ್ಲ ಎಂದರು. ಬೀಗದಣ್ಣನ ಕಿವಿಗೆ ಎಲ್ಲವೂ ಪಕ್ಕದ ಮನೆಯ ರೇಡಿಯೋ ಹಾಗೆ ಬಂದು ಹೋಗುತ್ತ ಇತ್ತು. ಆಮೇಲೆ ಮುದುಕರು ಸಣ್ಣಗೆ ನಕ್ಕರು.

"ಒಂದ್ಸಲ ಅವರದ್ದೊಂದು ಪ್ರಯೋಗ ಎಡವಟ್ಟಾಯ್ತು. ಅವರಿಗೆ ಬಂದ ಉತ್ತರ ಬೇರೆ ಯಾರಿಗೂ ಬರ್ಲಿಲ್ಲ. ನಾನು ತಮಾಷೆ ಮಾಡಿದೆ, ಮೇಡಂ ಇಲಿಗಳಿಗೆ ಮೇಡಂ ಅಂದ್ರೆ ಪ್ರೀತಿ, ಅದಕ್ಕೇ ಅವರು ಕೇಳಿದಷ್ಟು ಊತ ಇಳಿಸ್ಕೊಳ್ತವೆ ಅಂತ. ಬೇರೆಯವರಾಗಿದ್ರೆ ನನ್ನ ಮುಖ ನೋಡ್ತಿರ್ಲಿಲ್ಲ. ಅವರು ಎಲ್ಲರ ಜೊತೆ ನಕ್ಕುಬಿಟ್ರು. ಅಂಥ ದೊಡ್ಡ ಮನಸ್ಸು."

ಹಾಲಿನಲ್ಲಿ ಮೆಲುವಾದ ನಗು ಹರಿದಾಡಿತು. ಸಾವಿನ ಮನೆಯಲ್ಲಿ ಸಿಕ್ಕ ಸಣ್ಣ ನಗುವನ್ನು ಯಾರು ಬಿಡುತ್ತಾರೆ? ಭಾವನೂ ಮುಗುಳ್ನಕ್ಕ. ಹಿಂದಿನ ಸಾಲಿನಲ್ಲಿ ಚಿಕ್ಕ ಮೇಡಂ ಒಬ್ಬಳೇ ತಲೆ ತಗ್ಗಿಸಿ ಕೂತಿದ್ದಳು.

ಬೀಗದಣ್ಣನಿಗೆ ಸಿಟ್ಟು ಬಂತು. ಬೆಳಗಿನಿಂದ ಅವನಿಗೆ ತನ್ನದೆಂದು ಅನ್ನಿಸಿದ ಮೊದಲನೆಯದು ಅದು. ಮುದುಕರ ಮೇಲಲ್ಲ, ಅವರು ಪಾಪ, ತಾವು ನಂಬಿದ್ದನ್ನು ಹೇಳಿದರು. ಅವಳು ಬೂದಿಯಾಗುವಾಗ ಅವಳ ಜೊತೆ ಬೂದಿಯಾಗುವುದೇನೆಂದು ಅವನಿಗೆ ಈಗ ತಿಳಿಯಿತು. ಆ ಎಲೆಗಳೂ ಹೋದರೆ, ಉಳಿಯುವುದು ಈ ನಗು ಒಂದೇ. ಮತ್ತು ಆ ಎಲೆಗಳನ್ನು ಅವಳ ಕೈಗೆ ಕಟ್ಟಿ ಒಲೆಗೆ ಕಳಿಸಲು ಹೊರಟಿರುವವನು ತಾನು.

ಒಳಗಿನ ಕೆಲಸದವನು ಮುಚ್ಚಳ ಎತ್ತಿಕೊಂಡು ಬಂದ. "ಮುಚ್ಚಲಾ? ಮುಂದಿನವರು ಕಾಯ್ತಿದಾರೆ."

"ತಡಿಯಪ್ಪಾ," ಎಂದು ಬೀಗದಣ್ಣ ಎದ್ದ.

ಪೆಟ್ಟಿಗೆಯ ಮೇಲೆ ಬಾಗಿ ಅವಳ ಬೆರಳು ಹಿಡಿದ. ಬೆರಳುಗಳು ಸೆಟೆದುಕೊಂಡಿದ್ದವು. ಅವನು ಜೋರು ಮಾಡಲಿಲ್ಲ. ತುಕ್ಕು ಹಿಡಿದ ಬೀಗದ ಜೊತೆ ಜೋರು ಮಾಡಬಾರದೆಂದು ನಲವತ್ತು ವರ್ಷ ಕಲಿತ ಕೈ. ಕಿರುಬೆರಳನ್ನು ಸ್ವಲ್ಪ ಎತ್ತಿ, ಒಂದು ಕೊಂಬೆ ಎಳೆದ. ಉಂಗುರ ಬೆರಳು ಎತ್ತಿ ಇನ್ನೊಂದು.

"ಏಯ್, ಏನ್ ಮಾಡ್ತಿದೀಯ?" ಭಾವ ಧಾವಿಸಿ ಬಂದು ಅವನ ತೋಳು ಹಿಡಿದ. ಜನ ಪಿಸುಗುಟ್ಟತೊಡಗಿದರು. "ಹೆಣದ ಮೇಲಿಟ್ಟಿದ್ದನ್ನ ವಾಪಸ್ ತೆಗೀತಾರಾ? ತಲೆ ಕೆಟ್ಟಿದೆಯಾ? ನಾಲ್ಕು ಜನ ಏನಂದಾರು?"

"ಅನ್ಲಿ ಭಾವ."

"ನನ್ನ ತಂಗಿ ಅವಳು!"

"ಈ ಗಿಡದ ಒಂದೆಲೆ ಕೀಳೋಕೂ ನನ್ನನ್ನ ಬಿಡಲಿಲ್ಲ ನಿಮ್ಮ ತಂಗಿ. ಇವತ್ತು ಅವಳು ಇಲ್ಲ ಅಂತ ಬುಡದವರೆಗೂ ಕತ್ತರಿಸಿದೀನಿ. ಎದ್ದು ಕೂತ್ರೆ ಏನಂತಾಳೆ ಗೊತ್ತಾ? ಬುದ್ಧಿ ಇದೆಯೇನ್ರೀ ನಿಮಗೆ ಅಂತಾಳೆ." ಅವನ ದನಿ ಒಡೆಯಿತು, ಆದರೆ ಕೈ ನಿಲ್ಲಲಿಲ್ಲ. "ಸಾಹೇಬ್ರು ಈಗ ನಗಿಸಿದ್ರಲ್ಲ, ಆ ಮಾತು ಸರಿ ಅಲ್ಲ ಅಂತ ತೋರಿಸೋಕೆ ಇರೋದು ಇದೊಂದೇ ಭಾವ. ಇಡೀ ಪ್ರಪಂಚದಲ್ಲಿ ಇದೊಂದೇ. ಕೇಳಿ ಬೇಕಾದ್ರೆ ಚಿಕ್ಕ ಮೇಡಂನ."

ಭಾವ ತೋಳು ಬಿಡಲಿಲ್ಲ. ಆದರೆ ತಿರುಗಿ, ಎದ್ದು ನಿಂತಿದ್ದ ಚಿಕ್ಕ ಮೇಡಂನತ್ತ ನೋಡಿ, ಸಾಕ್ಷಿಯನ್ನು ಕೇಳುವ ಕೋರ್ಟಿನ ದನಿಯಲ್ಲೇ ಕೇಳಿದ: "ನನ್ನ ತಂಗಿ ಸುಳ್ಳು ಬರೆದಿದ್ಲು ಅಂತ ಇತ್ತಾ ನಿಮ್ಮಲ್ಲಿ?"

"ಬಾಯಿಬಿಟ್ಟು ಯಾರೂ ಅನ್ನಲಿಲ್ಲ. ಆದ್ರೆ ಎಲ್ಲರೂ ಹಾಗೇ ತಿಳ್ಕೊಂಡಿದ್ರು."

"ಬರೆದಿದ್ಲಾ?"

"ಇಲ್ಲ ಸರ್. ಅವರ ಜೊತೆ ಕೊಳವೆ ಹಿಡಿದು ಊತ ಅಳೆದವಳು ನಾನು. ಇಲ್ಲ."

ಭಾವನ ಕೈ ಸಡಿಲವಾಯಿತು.

ಟೀ ಇಟ್ಟಿದ್ದ ಪಕ್ಕದ ಕೋಣೆಯಲ್ಲಿ ಒಂದು ಬೇಸಿನ್, ಒಂದು ನಲ್ಲಿ. ಚಿಕ್ಕ ಮೇಡಂ ಕೊಂಬೆಗಳ ಬುಡ ನೋಡಿ, "ಅಯ್ಯೋ, ಇದೇನ್ ಸರ್, ಯಾವುದರಲ್ಲಿ ಕತ್ತರಿಸಿದ್ರಿ? ಎಲ್ಲಾ ಜಜ್ಜಿ ಹೋಗಿದೆ. ಇದರಲ್ಲಿ ನೀರು ಏರೋದೇ ಇಲ್ಲ," ಎಂದಳು.

"ಇಕ್ಕಳದಲ್ಲಿ."

ಅವಳು ಅಳುತ್ತಳುತ್ತಲೇ ನಕ್ಕಳು. ಬೀಗದಣ್ಣ ಜೇಬಿನಿಂದ ಸಣ್ಣ ಚಾಕು ತೆಗೆದ. ಜಜ್ಜಿದ ಭಾಗ ಬಿಟ್ಟು, ನಲ್ಲಿಯ ನೀರಿನಡಿ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆಗಳನ್ನು ಕಿತ್ತುಹಾಕಿ, ತುದಿಯ ಎರಡು ಮೂರು ಎಲೆ ಮಾತ್ರ ಉಳಿಸಬೇಕು ಎಂದು ಅವಳು ತೋರಿಸಿಕೊಟ್ಟಳು. ಅವನು ಕತ್ತರಿಸಿದ, ಅವಳು ಎಲೆ ಕಿತ್ತಳು. ನಿಲ್ಲಿಸಲು ಪಾತ್ರೆ ಇರಲಿಲ್ಲ, ಟೀ ಗ್ಲಾಸುಗಳಿದ್ದವು. ಬೆಳಗಿನ ತನ್ನ ಕೆಲಸ ಏನೆಂದು ಈಗ ಅರ್ಥವಾಗಿದ್ದ ಅಕ್ಕ ಯಾರ ಮುಖವನ್ನೂ ನೋಡದೆ, ಹಾಲಿನಲ್ಲಿ ಸಾಲಿನಿಂದ ಸಾಲಿಗೆ ಹೋಗಿ, "ಕುಡಿದಾಯ್ತಾ? ಕೊಡಿ, ಕೊಡಿ ಇಲ್ಲಿ," ಎಂದು ಗ್ಲಾಸು ಕಿತ್ತು ತಂದು ತೊಳೆದು ನೀರು ತುಂಬಿದಳು. ಒಂದೊಂದು ಗ್ಲಾಸಿಗೆ ಒಂದೊಂದು ಕಡ್ಡಿ. ಕಿಟಕಿಯ ಕಟ್ಟೆ ತುಂಬಿ, ಮೇಜಿನ ಅಂಚು ತುಂಬಿತು. ಹೆಚ್ಚಿನವು ತಲೆ ತೂಗಾಡಿಸಿಕೊಂಡೇ ನಿಂತವು.

"ಬರ್ತವೇನಮ್ಮಾ?" ಎಂದಳು ಅಕ್ಕ.

"ಗೊತ್ತಿಲ್ಲಮ್ಮ," ಎಂದಳು ಚಿಕ್ಕ ಮೇಡಂ.

ಕೆಲಸದವನು ಬಾಗಿಲಿಗೆ ಬಂದು, "ಪೆಟ್ಟಿಗೆ ಒಳಗೆ ತಗೊಂಡು ಹೋಗ್ಬೇಕು, ಯಾರಾದ್ರೂ ಬನ್ನಿ," ಎಂದ. ಬೀಗದಣ್ಣನ ಕೈಯಲ್ಲಿ ಇನ್ನೊಂದು ಕಡ್ಡಿ ಉಳಿದಿತ್ತು. ಚಿಕ್ಕದು, ಇದ್ದವುಗಳಲ್ಲೆಲ್ಲ ಹೆಚ್ಚು ಹಸಿರಾಗಿತ್ತು. ಅವನು ಸುತ್ತ ನೋಡಿದ. ಗ್ಲಾಸಿರಲಿಲ್ಲ.

ಬಾಗಿಲಿಗೊರಗಿ ಇದನ್ನೆಲ್ಲ ನೋಡುತ್ತಿದ್ದ ಭಾವ ಹಾಲಿನತ್ತ ತಿರುಗಿದ. ಮೊದಲ ಸಾಲಿನಲ್ಲಿ ಡೈರೆಕ್ಟರು ಕೋಲನ್ನು ಮೊಣಕಾಲಿಗೆ ಒರಗಿಸಿಕೊಂಡು, ಆಗತಾನೇ ಕೊಟ್ಟಿದ್ದ ಟೀಯನ್ನು ಊದಿ ಊದಿ ಕುಡಿಯುತ್ತಿದ್ದರು. ಭಾವ ಅವರ ಮುಂದೆ ಹೋಗಿ ನಿಂತು ಕೈ ಚಾಚಿದ.

"ಸರ್, ಆ ಗ್ಲಾಸು ಬೇಕಿತ್ತು."

"ಇನ್ನೂ ಕುಡೀತಾ ಇದೀನಲ್ಲಪ್ಪ."

"ಗೊತ್ತು ಸರ್. ಕೊಡಿ."

ಮುದುಕರು ಏನೂ ತಿಳಿಯದೆ ಕೊಟ್ಟರು. ಭಾವ ಟೀಯನ್ನು ಬೇಸಿನ್ನಿಗೆ ಸುರಿದು, ಹೆಬ್ಬೆರಳು ಹಾಕಿ ಗ್ಲಾಸಿನ ಒಳಗೆಲ್ಲ ಉಜ್ಜಿ ತೊಳೆದು, ಬೆಳಕಿಗೆ ಎತ್ತಿ ಹಿಡಿದು ನೋಡಿ, ಮತ್ತೊಮ್ಮೆ ತೊಳೆದು, ನೀರು ತುಂಬಿಸಿ ಭಾವಮೈದುನನ ಮುಂದೆ ಹಿಡಿದ.